ಒಳಜೇಬಿನ ಪಿಸ್ತೂಲು ಮತ್ತು ಮೊಹರಾದ ದರ್ಜಿ ಅಂಗಡಿ ಕುರಿತು

ಗುಪ್ತ ಆಯುಧ ನಿಯಂತ್ರಣ ಶಾಖೆ
ಸುತ್ತೋಲೆ ಸಂಖ್ಯೆ: ಗುಆನಿ/ಒಳಜೇಬು/27

ವಿಷಯ: ಪಿಸ್ತೂಲು ಮರೆಮಾಡಿ ಒಯ್ಯಲು ಹೊಲಿಸಿರಬಹುದಾದ ಜೇಬುಗಳ ತಪಾಸಣೆ ಹಾಗೂ ತತ್ಪರಿಣಾಮವಾಗಿ ಸಿಬ್ಬಂದಿಯ ಪ್ಯಾಂಟುಗಳು ಸಿಗದಿರುವ ಬಗ್ಗೆ.

ಉಲ್ಲೇಖ: 1) ಅಂಗಡಿಗೆ ಮೊಹರು ಹಾಕುವ ಆದೇಶ. 2) ಸದರಿ ಮೊಹರನ್ನು ಯಾರೂ ಮುಟ್ಟಬಾರದೆಂಬ ಆದೇಶ. 3) ದರ್ಜಿಯ ಪತ್ನಿಯ ಮನವಿ (ಇದುವರೆಗೆ ನಾಲ್ಕು).

ಪರವಾನಗಿ ಪಡೆದವರಿಗೆ ಪಿಸ್ತೂಲನ್ನು ಬಟ್ಟೆಯ ಮರೆಯಲ್ಲಿ ಒಯ್ಯುವ ಹಕ್ಕಿದೆ. ಪರವಾನಗಿ ಇಲ್ಲದೆ ಒಯ್ಯುವವರನ್ನು ಪತ್ತೆ ಹಚ್ಚುವುದು ಈ ಶಾಖೆಯ ಕರ್ತವ್ಯ. ಹೊರನೋಟಕ್ಕೆ ಇಬ್ಬರೂ ಒಂದೇ ರೀತಿ ಕಾಣುವುದರಿಂದ, ಶಾಖೆಯ ಎದುರು ಸಾಲಿನಲ್ಲಿ ಮೂವತ್ತೊಂದು ವರ್ಷಗಳಿಂದ ಹೊಲಿಗೆ ಮಾಡುತ್ತಿರುವ ದರ್ಜಿಯ ಅಳತೆ ಪುಸ್ತಕವನ್ನು ವಶಪಡಿಸಿಕೊಳ್ಳಲಾಯಿತು. ಪುಸ್ತಕದಲ್ಲಿ ಹೆಸರುಗಳಿಲ್ಲ, ಅಳತೆ ಮಾತ್ರ. ಇಪ್ಪತ್ತೇಳು ಸೊಂಟಗಳ ಪಕ್ಕ ಕೆಂಪು ಪೆನ್ಸಿಲ್ಲಿನ ಗೀಟು ಕಂಡುಬಂದಿದ್ದು, ಗೀಟು ಎಂದರೆ ಹೊರಗೆ ಕಾಣದ ಜೇಬು ಎಂದು ದರ್ಜಿಯು ಒಪ್ಪಿರುತ್ತಾರೆ. ಚಾಲ್ತಿಯಲ್ಲಿರುವ ಪರವಾನಗಿಗಳು ಐದು. ಉಳಿದ ಇಪ್ಪತ್ತೆರಡು ಸೊಂಟಗಳು ಯಾರವೆಂದು ಕೇಳಲಾಗಿ, ಕೆಳಕಂಡ ಹೇಳಿಕೆ ದಾಖಲಾಗಿದೆ:

"ಜೇಬು ಹೊಲಿಯೋದಷ್ಟೇ ನನ್ನ ಕೆಲಸ ಸಾರ್. ಒಳಗೇನಿಡ್ತೀರಿ ಅಂತ ಇವತ್ತಿನವರೆಗೂ ಯಾರನ್ನೂ ಕೇಳಿಲ್ಲ. ಯಾರದು ಅಂತ ಹೇಳೋದೂ ಇಲ್ಲ. ಇವತ್ತು ಬಾಯಿಬಿಟ್ರೆ ನಾಳೆ ನನ್ನ ಟೇಪಿಗೆ ಯಾರು ಸಾರ್ ಸೊಂಟ ಕೊಡ್ತಾರೆ?"

ಬಾಯಿಬಿಡುವವರೆಗೆ ಎಂದು ಅಂಗಡಿಗೆ ಮೊಹರು ಹಾಕಲಾಯಿತು. ಇಂದಿಗೆ ಹತ್ತೊಂಬತ್ತು ದಿನ. ದರ್ಜಿಯು ಪ್ರತಿದಿನ ಒಂಬತ್ತಕ್ಕೆ ಸರಿಯಾಗಿ ಬಂದು, ಕೊರಳಿಗೆ ಟೇಪು ಹಾಕಿಕೊಂಡು ಮುಚ್ಚಿದ ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಕುಳಿತು, ಆರಕ್ಕೆ ಎದ್ದು ಹೋಗುತ್ತಿರುವುದಾಗಿ ಕಾವಲು ಪೇದೆ ವರದಿ ಮಾಡಿರುತ್ತಾರೆ. ಕಾಜಾ ಹಾಕುವ ಕೆಲಸ ನೋಡಿಕೊಳ್ಳುವ ಪತ್ನಿಯು ನಾಲ್ಕನೇ ಮನವಿಯಲ್ಲಿ, "ಇನ್ನೊಂದು ವಾರ ಹೀಗೇ ಇದ್ರೆ ಗಿರಾಕಿಗಳೆಲ್ಲ ಪಕ್ಕದ ಬೀದಿ ರೆಡಿಮೇಡ್ ಅಂಗಡಿಗೆ ಅಭ್ಯಾಸ ಆಗ್ಬಿಡ್ತಾರೆ. ಆಮೇಲೆ ನೀವು ಬಾಗಿಲು ತೆಗೆದುಕೊಟ್ಟು ಏನು ಪ್ರಯೋಜನ?" ಎಂದು ಕೇಳಿರುತ್ತಾರೆ. ಸದರಿ ಪ್ರಶ್ನೆಗೆ ಉತ್ತರಿಸುವ ಅಧಿಕಾರಿಯನ್ನು ಇನ್ನೂ ನೇಮಿಸಿರುವುದಿಲ್ಲ.

ಈ ನಡುವೆ ಶಾಖೆಯೇ ಟೇಪು ಹಿಡಿದು ಬೀದಿಯಲ್ಲಿ ಸೊಂಟಗಳನ್ನು ಅಳೆದು, ಪುಸ್ತಕಕ್ಕೆ ಹೋಲಿಸಿ ತಪಾಸಣೆ ಮುಗಿಸಿದ್ದು, ಅದರಂತೆ ಈ ಮೂಲಕ ಸೂಚಿಸಲಾಗಿದೆ:

1. ಪರವಾನಗಿ ಹೊಂದಿದ ಐವರ ಜೇಬಿನಲ್ಲೂ ಪಿಸ್ತೂಲು ಇರಲಿಲ್ಲ. ಅದರ ಭಾರಕ್ಕೆ ಪ್ಯಾಂಟು ಜಾರುತ್ತದೆಂದು ಐವರೂ ಬೇರೆ ಬೇರೆ ಕೋಣೆಗಳಲ್ಲಿ ಒಂದೇ ಉತ್ತರ ನೀಡಿರುತ್ತಾರೆ. ಇನ್ನು ಮುಂದೆ ಹಕ್ಕು ಚಲಾಯಿಸುವವರು ಬೆಲ್ಟು ಧರಿಸತಕ್ಕದ್ದು.

2. ಈ ಐವರಲ್ಲಿ ಒಬ್ಬರಾದ ಬಂದೂಕು ಹಕ್ಕುದಾರರ ಸಂಘದ ಅಧ್ಯಕ್ಷರಿಗೆ ತಮ್ಮ ಪಿಸ್ತೂಲು ಮನೆಯಲ್ಲಿ ಎಲ್ಲಿದೆಯೆಂಬುದೇ ತಿಳಿದಿಲ್ಲ. ಅವರ ಪತ್ನಿಯ ಹೇಳಿಕೆ: "ಇವರಿಗೆ ಹೇಳೋಹಾಗಿದ್ರೆ ನಾನ್ಯಾಕೆ ಬಚ್ಚಿಡ್ಲಿ? ಕನ್ನಡಕ ತಲೆ ಮೇಲಿಟ್ಕೊಂಡು ಮನೆಯೆಲ್ಲ ಹುಡುಕೋ ಮನುಷ್ಯ." ಪರವಾನಗಿಯು ಪಿಸ್ತೂಲನ್ನು ಸಾರ್ವಜನಿಕರಿಂದ ಮರೆಮಾಡಲು ಅಧ್ಯಕ್ಷರಿಗೆ ಅವಕಾಶ ನೀಡುತ್ತದೆಯೇ ಹೊರತು, ಅಧ್ಯಕ್ಷರಿಂದ ಮರೆಮಾಡಲು ಪತ್ನಿಗೆ ನೀಡುವುದಿಲ್ಲ. ಆದಾಗ್ಯೂ ಸಾರ್ವಜನಿಕ ಹಿತದೃಷ್ಟಿಯಿಂದ ಯಥಾಸ್ಥಿತಿ ಕಾಪಾಡತಕ್ಕದ್ದು.

3. ಪರವಾನಗಿ ಇಲ್ಲದ ಇಪ್ಪತ್ತೊಂದು ಜೇಬುಗಳಲ್ಲಿ ಸಿಕ್ಕಿದ್ದು: ನಶ್ಯದ ಡಬ್ಬಿಗಳು, ಎರಡು ಹಲ್ಲುಸೆಟ್ಟು, ಬೋಳುತಲೆಯ ಗ್ರಂಥಪಾಲಕರ ಬಾಚಣಿಗೆ, ಇತ್ಯಾದಿ. ಈ ಶಾಖೆಯ ಗುಮಾಸ್ತರೊಬ್ಬರ ಜೇಬಿನಲ್ಲಿ ಹನ್ನೊಂದು ವರ್ಷ ಹಿಂದಿನ ತಾರೀಖಿನ ರಾಜೀನಾಮೆ ಪತ್ರ ದೊರೆತಿದ್ದು, ಅದು ಸೂಕ್ತ ಮಾರ್ಗದಲ್ಲಿ ಬಂದಿಲ್ಲದ ಕಾರಣ ಓದಿರುವುದಿಲ್ಲ. ಇವೆಲ್ಲವನ್ನೂ "ಸಿಡಿಯದ ವಸ್ತುಗಳು" ಎಂದು ವರ್ಗೀಕರಿಸಲಾಗಿದೆ.

4. ಬಟ್ಟೆಯಲ್ಲಿ ಉಬ್ಬು ಕಂಡಲ್ಲಿ ಪೇದೆಯು ಅದು ಪಿಸ್ತೂಲೇ ಎಂದು ಕೇಳತಕ್ಕದ್ದು. ಹೌದು ಎಂದರೆ, ಪಿಸ್ತೂಲು ಮರೆಯಾಗಿ ಉಳಿಯದ ಕಾರಣ ಪರವಾನಗಿಯ ಷರತ್ತು ಮುರಿದಂತಾಗುವುದು. ಅಲ್ಲ ಎಂದರೆ, ಮತ್ತೇನೆಂದು ಕೇಳಬಾರದು. ಹೊಟ್ಟೆಯೇ ಆಗಿದ್ದಲ್ಲಿ ಕ್ಷಮೆ ಕೋರಿ ಮುಂದೆ ಸಾಗತಕ್ಕದ್ದು.

5. ಸಡಿಲಿಸಲೆಂದು ಕೊಟ್ಟಿದ್ದ ಸಿಬ್ಬಂದಿಯ ಹದಿನಾಲ್ಕು ಸಮವಸ್ತ್ರದ ಪ್ಯಾಂಟುಗಳು ಮೊಹರಾದ ಅಂಗಡಿಯೊಳಗೇ ಉಳಿದಿವೆ. ಹಳೆಯ ಬಿಗಿ ಪ್ಯಾಂಟಿನಲ್ಲಿ ಬರುತ್ತಿರುವ ಸಿಬ್ಬಂದಿಗೆ ಎದ್ದು ನಿಲ್ಲುವುದರಿಂದಲೂ ಬಗ್ಗುವುದರಿಂದಲೂ ವಿನಾಯಿತಿ ನೀಡಲಾಗಿದೆ. ಓಡಿಹೋಗುವ ಆರೋಪಿಯನ್ನು ನಿಲ್ಲುವಂತೆ ಕುಳಿತಲ್ಲಿಂದಲೇ ವಿನಂತಿಸತಕ್ಕದ್ದು.

6. ಇಪ್ಪತ್ತೇಳನೆಯ ಗೀಟು ಪುಟ 61ರಲ್ಲಿದ್ದು, ಸೊಂಟ ನಲವತ್ತನಾಲ್ಕು. ಇದು ಯಾರದೆಂದು ಆರು ಜನ ಸಿಬ್ಬಂದಿಯ ಸಮಕ್ಷಮದಲ್ಲಿ ಕೆಳ ಸಹಿದಾರರೇ ಮೇಜಿನ ಆಚೆ ಕುಳಿತು ನಾಲ್ಕು ಬಾರಿ ವಿಚಾರಿಸಿದ್ದು, ನಾಲ್ಕು ಬಾರಿಯೂ ದರ್ಜಿಯು ಸೂರು ನೋಡುತ್ತಾ, "ಸೊಂಟ ನೆನಪಿದೆ ಸಾರ್, ಮುಖ ನೆನಪಿಲ್ಲ" ಎಂದಿರುತ್ತಾರೆ. ನಂತರ ಕೆಳ ಸಹಿದಾರರು ಕೋಣೆಯ ಬಾಗಿಲು ಹಾಕಿಕೊಂಡು, ಒಬ್ಬರೇ ಸದರಿ ಜೇಬಿನ ತಪಾಸಣೆ ನಡೆಸಿರುತ್ತಾರೆ. ಬಿಸ್ಕತ್ತಿನ ಪುಡಿ ಬಿಟ್ಟು ಬೇರೇನೂ ಕಂಡುಬಂದಿಲ್ಲ. ಸಕ್ಕರೆ ಕಾಯಿಲೆಗೂ ಈ ತನಿಖೆಗೂ ಸಂಬಂಧವಿರುವುದಿಲ್ಲ. ಕಡತ ಮುಕ್ತಾಯವಾಗಿದೆ.

7. ಆದುದರಿಂದ ನಾಳೆ ಬೆಳಿಗ್ಗೆ ಒಂಬತ್ತಕ್ಕೆ, ದರ್ಜಿಯು ಮೆಟ್ಟಿಲ ಮೇಲೆ ಕೂರುವ ಮೊದಲೇ, ಮೊಹರು ತೆಗೆಯತಕ್ಕದ್ದು. ಗಿರಾಕಿಯ ಗುಟ್ಟನ್ನು ಮರೆಯಾಗಿ ಇಟ್ಟುಕೊಳ್ಳಲು ದರ್ಜಿಗೆ ಯಾವುದೇ ಪರವಾನಗಿ ಬೇಕಿಲ್ಲವೆಂದು ಸ್ಪಷ್ಟಪಡಿಸಲಾಗಿದೆ.

ಸಹಿ/-
(ಕುಳಿತಲ್ಲಿಂದಲೇ)
ಮುಖ್ಯಾಧಿಕಾರಿ

ಪ್ರತಿಗಳು:
ಅ) ಹಕ್ಕುದಾರರ ಸಂಘದ ಅಧ್ಯಕ್ಷರಿಗೆ, ಪತ್ನಿಯವರ ಮುಖಾಂತರ.
ಆ) ಸಂಬಂಧಿಸಿದ ಗುಮಾಸ್ತರಿಗೆ, ರಾಜೀನಾಮೆ ಪತ್ರದೊಂದಿಗೆ, ಮತ್ತೆ ಅದೇ ಜೇಬಿನಲ್ಲಿ ಇಟ್ಟುಕೊಳ್ಳಲು.
ಇ) ಮುಖ್ಯಾಧಿಕಾರಿಯವರ ಪತ್ನಿಗೆ, ಹೊಸ ಪ್ಯಾಂಟು ಎಲ್ಲಿ ಹೋಯಿತೆಂದು ಪದೇ ಪದೇ ವಿಚಾರಿಸಿರುವುದರಿಂದ, ಕಂಡಿಕೆ 6 ಹೊರತುಪಡಿಸಿ.
ಈ) ದರ್ಜಿಯವರಿಗೆ, ಅಳತೆ ಪುಸ್ತಕದೊಂದಿಗೆ, ಖುದ್ದಾಗಿ. ಪುಟ 61 ಮಾತ್ರ ಕಚೇರಿಯಲ್ಲಿ ಕಾಣೆಯಾಗಿದೆ. ಸದರಿ ಸೊಂಟ ತಮಗೆ ನೆನಪಿರುವುದಾಗಿ ತಾವೇ ತಿಳಿಸಿರುತ್ತೀರಿ. ಅದನ್ನು ಒಂದು ಅಂಗುಲ ಸಡಿಲಿಸತಕ್ಕದ್ದು, ಜೇಬು ಇದ್ದ ಹಾಗೇ ಇರಲಿ.