ಬೀಗಿತ್ತಿಯ ಬಿದಿರಿನ ಟ್ರೇ

ತೊಳೆಯದೆ ಶುದ್ಧವಾಗುವ ವಸ್ತು ಈ ಜಗತ್ತಿನಲ್ಲಿದೆ ಎಂದು ಯಾರಾದರೂ ಹೇಳಿದರೆ, ಮೊದಲು ಅವರ ಅಡುಗೆಮನೆ ನೋಡಿ ಬರಬೇಕು ಎನ್ನುವವಳು ನಾನು. ಸಿಟ್ಟು ಬಂದರೆ ಕೆಲವರು ಊಟ ಬಿಡುತ್ತಾರೆ, ಕೆಲವರು ತವರಿಗೆ ಹೋಗುತ್ತಾರೆ. ನಾನು ಪಾತ್ರೆ ತಿಕ್ಕುತ್ತೇನೆ. ಸಂತೋಷವಾದರೂ ಅದನ್ನೇ ಮಾಡುತ್ತೇನೆ. ಬೆರಳಿಟ್ಟರೆ ಕಿರ್ ಎಂದು ಕೂಗುವವರೆಗೆ ಯಾವ ಬೋಗುಣಿಯೂ ನನ್ನ ದೃಷ್ಟಿಯಲ್ಲಿ ಮುಸುರೆಯೇ. ನಮ್ಮ ತಿರ್ಲಾಪುರದ ಎರೆಮಣ್ಣನ್ನು ನೋಡಿದವರಿಗೆ ಇದು ಅರ್ಥವಾದೀತು. ಮಳೆಗಾಲದಲ್ಲಿ ಕಾಲಿಗಂಟಿ ದೇವರ ಕೋಣೆಯವರೆಗೂ ಬರುವ ಆ ಮಣ್ಣು, ಬೇಸಿಗೆಯಲ್ಲಿ ಧೂಳಾಗಿ ಹಾಲಿನ ಪಾತ್ರೆಗೇ ಇಳಿಯುತ್ತದೆ. ಇಂಥ ಊರಲ್ಲಿ ಬಾಳುವೆ ಮಾಡುವ ಹೆಣ್ಣುಮಗಳ ಒಂದು ಕೈಯಲ್ಲಿ ಪಾತ್ರೆ ತಿಕ್ಕುವ ತೆಂಗಿನ ಜುಂಗು ಇರಲೇಬೇಕು. ನಮ್ಮ ಮನೆಯವರು ಬಂದವರ ಮುಂದೆಲ್ಲ, "ಇಕಿ ಕೈಯಾಗ ಚಂದ್ರನ್ನ ಕೊಟ್ರ ಒಂದ ಕಲಿ ಉಳಿಯಂಗಿಲ್ಲ" ಎನ್ನುತ್ತಾರೆ. ಅದು ಹೊಗಳಿಕೆಯೆಂದೇ ನಾನು ಇಷ್ಟು ದಿನ ತಿಳಿದಿದ್ದೆ.

ಈ ಹೆಮ್ಮೆಗೆ ಮೊದಲ ಪೆಟ್ಟು ಬಿದ್ದದ್ದು ಒಂದು ಚಹಾದ ಟ್ರೇಯಿಂದ. ನಮ್ಮ ಒಬ್ಬಳೇ ಮಗಳು ಶೈಲಾಳನ್ನು ಹೋದ ವರ್ಷ ಕಲಘಟಗಿ ಕಡೆಯ ದೇವಿಕೊಪ್ಪಕ್ಕೆ ಕೊಟ್ಟೆವು. ನಮ್ಮಲ್ಲಿ ನೆರಳು ಬೇಕೆಂದರೆ ಬೇವಿನ ಗಿಡ ಹುಡುಕಿಕೊಂಡು ನಡೆಯಬೇಕು. ಅವರ ಮನೆಯ ಹಿತ್ತಲಲ್ಲಿ ಬಿದಿರು ಮೆಳೆ ಮೆಳೆಯಾಗಿ ನಿಂತಿದೆ. ಮದುವೆಯಾದ ಮೇಲೆ ಮೊದಲ ಸಲ ನಮ್ಮ ಮನೆಗೆ ಬಂದಾಗ ಬೀಗಿತ್ತಿ ಗಿರಿಜಕ್ಕ ಒಂದು ಬಿದಿರಿನ ಟ್ರೇ ತಂದರು. ತೆಳ್ಳಗೆ ಸೀಳಿದ ದಬ್ಬೆಗಳನ್ನು ಚಾಪೆಯ ಹಾಗೆ ಹೆಣೆದು, ಸುತ್ತಲೂ ದುಂಡನೆಯ ಅಂಚು ಕಟ್ಟಿ, ಎರಡು ಕಡೆ ಕಿವಿಯಂತೆ ಹಿಡಿಕೆ ಕೂಡಿಸಿದ್ದರು. ಬಣ್ಣ ಹೊಸ ಬೆಲ್ಲದ್ದು. ತಮ್ಮ ಹಿತ್ತಲ ಬಿದಿರಿನಿಂದಲೇ ಹೇಳಿ ಮಾಡಿಸಿದ್ದು ಎಂದರು. ಅದನ್ನು ಹೇಗೆ ಇಟ್ಟುಕೊಳ್ಳಬೇಕೆಂದೂ ಏನೋ ಹೇಳತೊಡಗಿದ್ದರು. ಅಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕುವ ಸದ್ದಾಗಿ ನಾನು ಒಳಗೆ ಓಡಿದೆ. ಹಾಗೆ ನೋಡಿದರೆ ಬಿದಿರೇನು ನನಗೆ ಹೊಸದೇ? ಮೊರವಿದೆ, ರೊಟ್ಟಿ ಬುಟ್ಟಿಯಿದೆ. ವರ್ಷಕ್ಕೊಮ್ಮೆ ಸಂತೆಯಿಂದ ಬರುತ್ತವೆ, ವರ್ಷದೊಳಗೆ ನನ್ನ ಕೈಯಲ್ಲಿ ಮುಗಿದುಹೋಗುತ್ತವೆ. ಅವುಗಳ ಆಯುಷ್ಯವೇ ಅಷ್ಟು ಎಂದು ನನ್ನ ತಿಳಿವಳಿಕೆ.

ಟ್ರೇಯನ್ನು ನಾನು ಪ್ರೀತಿಯಿಂದಲೇ ನೋಡಿಕೊಂಡೆ. ಅಂದರೆ ಪ್ರತಿ ಚಹಾಕ್ಕೂ ಒಂದು ಸಲ ಸಾಬೂನು ನೀರಿನಲ್ಲಿ ಅದ್ದಿ ತೆಗೆದೆ. ಒರೆಸಿಡುವ ಪುರುಸೊತ್ತು ಯಾರಿಗಿದೆ? ನೀರು ಸೋರುತ್ತಿದ್ದಂತೆಯೇ ನಲ್ಲಿಯ ಹಿಂದಿನ ಮೊಳೆಗೆ ನೇತುಹಾಕುತ್ತಿದ್ದೆ. ಒಂದು ದಿನ ಕೈಗೆತ್ತಿಕೊಂಡು ನೋಡುತ್ತೇನೆ, ಹೆಣಿಗೆಯ ಸಂದುಗಳಲ್ಲೆಲ್ಲ ಕಪ್ಪು ಕಪ್ಪು ಬೂಸ್ಟು. ನನ್ನ ಅಡುಗೆಮನೆಯಲ್ಲಿ ಬೂಸ್ಟು! ಬೀಗರ ಮನೆಯಿಂದ ಬಂದ ವಸ್ತುವಿಗೆ ಹೀಗಾಯಿತಲ್ಲ ಎಂಬ ಗಾಬರಿಯಲ್ಲಿ ನನಗೆ ಗೊತ್ತಿದ್ದ ಒಂದೇ ಔಷಧ ಮಾಡಿದೆ. ಕುದಿಯುವ ನೀರಿಗೆ ಸೋಡಾ ಸುರಿದು ಅದರಲ್ಲಿ ಟ್ರೇಯನ್ನು ನೆನೆಹಾಕಿದೆ. ಮಧ್ಯಾಹ್ನದವರೆಗೆ ನೆಂದ ಮೇಲೆ ಬೂದಿ ಹಾಕಿ ತೋಳು ನೋಯುವವರೆಗೆ ತಿಕ್ಕಿದೆ. ಆಮೇಲೆ ಮಾಳಿಗೆ ಹತ್ತಿ, ಹಪ್ಪಳ ಒಣಗಿಸುವ ಜಾಗದಲ್ಲಿ, ಹಪ್ಪಳವೂ ಹೆದರುವಂಥ ಬಿಸಿಲಿನಲ್ಲಿ ಇಟ್ಟು ಬಂದೆ.

ಊಟಕ್ಕೆ ಕೂತಿದ್ದೆವು. ಮೇಲಿನಿಂದ ಟಪ್ ಎಂದು ಸದ್ದಾಯಿತು. ಸ್ವಲ್ಪ ಹೊತ್ತಿಗೆ ಇನ್ನೊಂದು ಟಪ್. ಮಂಗ ಬಂದಿರಬೇಕೆಂದು ನಮ್ಮ ಮನೆಯವರು ಕೋಲು ಹಿಡಿದು ಹತ್ತಿದರು, ಇಳಿಯುವಾಗ ಅವರ ಕೈಯಲ್ಲಿ ಟ್ರೇ ಇತ್ತು. ಬೆಲ್ಲದ ಬಣ್ಣ ಹೋಗಿ ಹಳೆಯ ಎಲುಬಿನಂತೆ ಬಿಳಚಿಕೊಂಡಿತ್ತು. ನಡುವಿನ ದಬ್ಬೆಗಳು ಸೀಳಿ ಮೇಲೆದ್ದಿದ್ದವು, ಅಂಚು ಒಂದು ಕಡೆ ಬಿಚ್ಚಿಕೊಂಡಿತ್ತು, ಒಂದು ಕಿವಿ ಕೈಗೇ ಬಂದಿತು. ಅವರು ಟ್ರೇಯನ್ನು ತಿರುಗಿಸಿ ಮುರುಗಿಸಿ ನೋಡಿ, "ಬಿದರಿಂದು ಐತಿ ಇದು, ಕಬ್ಬಣದ್ದಲ್ಲ" ಎಂದಷ್ಟೇ ಹೇಳಿ ಮತ್ತೆ ಊಟಕ್ಕೆ ಕೂತರು. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ.

ಆ ಸಂಜೆಯೇ ಶೈಲಾಳ ಫೋನು ಬಂತು. ಅತ್ತೆ ಮಾವ ಬರುವ ಸೋಮವಾರ ನಮ್ಮಲ್ಲಿಗೆ ಬರುತ್ತಾರೆ, ಅತ್ತೆಗೆ ನನ್ನ ಕೂಡ ಏನೋ ಮಾತಾಡುವುದಿದೆಯಂತೆ. ಏನೆಂದು ಕೇಳಿದರೆ ತನಗೂ ಗೊತ್ತಿಲ್ಲ ಎಂದಳು. ದನಿ ಸಣ್ಣದಾಗಿತ್ತು. ಮದುವೆಗೆ ಮುಂಚೆ ಫೋನಿನಲ್ಲಿ ನಕ್ಕರೆ ಅಂಗಳದವರೆಗೆ ಕೇಳಿಸುವಂಥ ಹುಡುಗಿ. ಈಚೆಗೆ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತಿದ್ದಳು. ಫೋನಿಡುವ ಮೊದಲು, "ಯವ್ವಾ, ಚಾ ಆ ಬಿದರಿನ ಟ್ರೇದಾಗ ಕೊಡು. ಅತ್ತಿ ಕೇಳಿದ್ರು, ಬಳಸ್ತಾರೇನು ಅಂತ" ಎಂದಳು. ನನಗೆ ಅಲ್ಲೇ ನೆಲ ಬಿರಿದಂತಾಯಿತು. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎನ್ನುವ ಜನ ನಾವು. ಕೊಟ್ಟ ಒಂದು ಟ್ರೇಯನ್ನು ನೆಟ್ಟಗೆ ಇಟ್ಟುಕೊಳ್ಳಲಾರದ ತಾಯಿಯ ಮಗಳು ನಮ್ಮ ಮನೆಯನ್ನೇನು ನಡೆಸಿಯಾಳು ಎಂದು ಗಿರಿಜಕ್ಕ ಅಂದುಕೊಂಡರೆ, ಆ ಮಾತನ್ನು ದಿನಾ ಉಣ್ಣುವವಳು ನನ್ನ ಮಗಳು. ಟ್ರೇ ಹೋದರೆ ಹೋಗಲಿ. ಅಲ್ಲಿ ಅವಳ ತಲೆ ತಗ್ಗಬಾರದು.

ರಿಪೇರಿಯ ಹೊಣೆಯನ್ನು ನಮ್ಮ ಮನೆಯವರು ಹೊತ್ತರು. ಹರಿದದ್ದು ಏನೇ ಇರಲಿ, ಅವರಿಗೆ ಅದು ಹತ್ತಿ ತುಂಬುವ ಅಂಡಿಗೆಯ ಹಾಗೆಯೇ ಕಾಣುತ್ತದೆ. ಮೇಲೆದ್ದ ದಬ್ಬೆಗಳಿಗೆ ಒದ್ದೆ ಬಟ್ಟೆ ಹಾಸಿ ಮೆತ್ತಗಾಗಿಸಿ, ಸಂದಿನಲ್ಲಿ ಅಂಟು ತುಂಬಿ, ಮೇಲೆ ಒಳಕಲ್ಲಿನ ಗುಂಡು ಹೇರಿದರು. ಇಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಮರುದಿನ ಅಂಡಿಗೆ ಹೊಲಿಯುವ ದಬ್ಬಳ ತಂದು, ಬಿಚ್ಚಿದ ಅಂಚನ್ನೂ ಕಿತ್ತ ಕಿವಿಯನ್ನೂ ದಪ್ಪ ದಾರದಿಂದ ಅಡ್ಡಡ್ಡ ಹೊಲಿದು, ತುದಿಯಲ್ಲಿ ಗೂಟಕ್ಕೆ ಎತ್ತು ಕಟ್ಟುವಂಥ ಗಂಟು ಹಾಕಿದರು. ಅದು ಟ್ರೇ ಅನ್ನುವುದಕ್ಕಿಂತ ಆಪರೇಷನ್ ಆದ ಹೊಟ್ಟೆಯಂತೆ ಕಾಣುತ್ತಿತ್ತು. ಗಟ್ಟಿಯಾಗಿದೆಯಲ್ಲ ಎಂದು ಅವರು. ಗಟ್ಟಿಯೇನೋ ಆಗಿತ್ತು, ಅದರ ಮೇಲೆ ನಿಂತು ತೋರಿಸಲೂ ಸಿದ್ಧರಿದ್ದರು.

ಹೊಲಿಗೆಯನ್ನು ಕೈವಸ್ತ್ರ ಹಾಸಿ ಮುಚ್ಚಬಹುದು. ಆ ಎಲುಬಿನ ಬಣ್ಣಕ್ಕೇನು ಮಾಡುವುದು? ಉಪಾಯವಾಗಿ ಶೈಲಾಳಿಗೆ ಫೋನು ಮಾಡಿ, ನಿಮ್ಮ ಅತ್ತೆ ಬಿದಿರಿನ ಸಾಮಾನಿಗೆ ಏನು ಹಚ್ಚುತ್ತಾರೆ ಎಂದು ಕೇಳಿದೆ. ಎಣ್ಣೆ ಎಂದಳು. ಎಷ್ಟು ಎಂದು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ಎಣ್ಣೆ ಹಚ್ಚುವುದೆಂದರೆ ನಮ್ಮಲ್ಲಿ ದೀಪಾವಳಿಯ ಅಭ್ಯಂಜನವೇ. ನೆತ್ತಿಯಿಂದ ಹಿಮ್ಮಡಿಯವರೆಗೆ ಇಳಿಯಬೇಕು. ಗಾಣದಿಂದ ತಂದ ಕುಸುಬಿ ಎಣ್ಣೆಯನ್ನು ಬಟ್ಟಲುಗಟ್ಟಲೆ ಸುರಿದು ತಿಕ್ಕಿದೆ, ಒಣಗಿದಂತೆ ಕಂಡಾಗ ಮತ್ತೆ ಸುರಿದೆ, ಬಿಸಿಲಿಗಿಟ್ಟು ಮತ್ತೂ ಒಂದು ಕೈ ಹಚ್ಚಿದೆ. ಎರೆಹೊಲದ ಸೀಮೆಯಲ್ಲಿ ಹುಟ್ಟಿ ಬೆಳೆದವಳಿಗೆ ಕುಸುಬಿ ಎಣ್ಣೆಯ ಗುಣ ಗೊತ್ತಿಲ್ಲದೆ ಏನು? ಎಣ್ಣೆಯ ಡಬ್ಬಿಯ ಕೆಳಗೆ ಸೋರಿದ್ದು ನಾಲ್ಕು ದಿನ ಕಳೆದರೆ ಅರಗಿನಂತೆ ಹಿಡಿದುಕೊಂಡು, ಡಬ್ಬಿ ಎತ್ತಿದರೆ ಕೆಳಗಿನ ಹಲಗೆಯೂ ಏಳುತ್ತದೆ. ಅದನ್ನು ತಿಕ್ಕಿ ತೆಗೆಯುವವಳೂ ನಾನೇ. ಆದರೆ ಸೋಮವಾರ ಮುಂಜಾನೆ ಟ್ರೇ ಎಂಥ ಹೊಳಪು ಹೊಳೆಯುತ್ತಿತ್ತೆಂದರೆ, ಆ ನೆನಪು ನನ್ನ ಹತ್ತಿರ ಸುಳಿಯಲೇ ಇಲ್ಲ. ಕೈವಸ್ತ್ರದಿಂದ ಮುಚ್ಚಲೂ ಮನಸ್ಸು ಬರಲಿಲ್ಲ. ಮುಟ್ಟಿದಾಗ ಬೆರಳು ಕೊಂಚ ಹಿಡಿದಂತಾಯಿತು. ಹೊಸ ಹೊಳಪು ಹಾಗೇ ಇರುತ್ತದೆ ಅಂದುಕೊಂಡೆ.

ಬೀಗರು, ಬೀಗಿತ್ತಿ ಇಬ್ಬರೂ ಬಂದರು. ನವಲಗುಂದದ ಜಮಖಾನೆ ಹಾಸಿ ಕೂಡಿಸಿದೆ. ಕಾಲಿಗೆ ನೀರು, ಕುಶಲ, ಬಸ್ಸಿನ ಗದ್ದಲ ಎಲ್ಲ ಆಯಿತು. ಟ್ರೇಯಲ್ಲಿ ನಾಲ್ಕು ಕಪ್ಪು ಚಹಾ ತಂದು ಸ್ಟೂಲಿನ ಮೇಲೆ ಇಟ್ಟೆ. ಹೊಲಿದ ಕಡೆ ನನ್ನತ್ತ ಇರುವಂತೆ ನೋಡಿಕೊಂಡೆ. ಗಿರಿಜಕ್ಕ ಟ್ರೇಯನ್ನೊಮ್ಮೆ ನೋಡಿದರು. ಇನ್ನು ನಮ್ಮ ಸೀಮೆಯ ಪದ್ಧತಿ ನಿಮಗೆ ಗೊತ್ತೇ ಇದೆ. ಚಹಾ ಬಂದ ಕೂಡಲೇ ಕೈ ಚಾಚಿದರೆ ಅದು ಮರ್ಯಾದಸ್ಥರ ಲಕ್ಷಣವಲ್ಲ. ಈಗಷ್ಟೇ ಕುಡಿದು ಬಂದೆವು ಎಂದು ಅವರೆನ್ನಬೇಕು. ನಮ್ಮನೆಯದು ಇನ್ನೂ ಆಗಿಲ್ಲವಲ್ಲ ಎಂದು ನಾವೆನ್ನಬೇಕು. ಬೀಗರು ತಮಗೆ ಪಿತ್ತ ಎಂದರು. ಶುಂಠಿ ಹಾಕಿದ್ದೇನೆ ಎಂದೆ. ಹಾಗಾದರೆ ಅರ್ಧ ಕಪ್ಪು ಸಾಕು ಎಂದರು; ಅರ್ಧ ಕೊಟ್ಟರೆ ಮನೆಗೆ ಶೋಭೆಯಲ್ಲ ಎಂದು ನಮ್ಮ ಮನೆಯವರು. ಈ ಒತ್ತಾಯ ನಡೆದಷ್ಟು ಹೊತ್ತೂ ನಾಲ್ಕು ಬಿಸಿ ಕಪ್ಪುಗಳು ಆ ಎಣ್ಣೆಯ ಮೇಲೆ ಸುಮ್ಮನೆ ಕೂತಿದ್ದವು.

ಅಷ್ಟರಲ್ಲಿ ಗಿರಿಜಕ್ಕ ಸೆರಗು ಸರಿಮಾಡಿಕೊಂಡರು. "ಅಕ್ಕಾರ, ತಪ್ಪ ತಿಳ್ಕೋಬ್ಯಾಡ್ರಿ" ಎಂದು ಶುರುಮಾಡಿದರು. "ನಿಮ್ಮ ಮಗಳು ಅಗದಿ ಬಂಗಾರದಂಥಾಕಿ. ಆದ್ರ ಆಕಿ ಎಲ್ಲಾದನ್ನೂ ತೊಳಿತಾಳ್ರಿ."

ಒಂದೊಂದಾಗಿ ಹೇಳಿದರು. ಮೊರ ತೊಳೆದಳಂತೆ, ಬೀಜದ ಬುಟ್ಟಿ ತೊಳೆದಳಂತೆ, ಕಟ್ಟಿಗೆಯ ಸೌಟುಗಳನ್ನು ಸೋಡಾ ನೀರಲ್ಲಿ ಕುದಿಸಿದಳಂತೆ. ಬೀಗರು ಭಜನೆಗೆ ಒಯ್ಯುವ ಚರ್ಮದ ದಮ್ಮಡಿಯನ್ನೂ ಬಿಡದೆ ತಿಕ್ಕಿ ಬಿಸಿಲಿಗೆ ಇಟ್ಟಳಂತೆ. ಅದು ಒಡೆದ ದಿನದಿಂದ ಅವರು ಭಜನೆಗೇ ಹೋಗಿಲ್ಲವಂತೆ. ಬೀಗರು ಮುಖ ತಗ್ಗಿಸಿದರು. ಗಿರಿಜಕ್ಕನ ಕಣ್ಣು ತೇವವಾಗಿತ್ತು. "ಬೈದ್ರ ಅಳ್ತಾಳ, ಬೈಲಿಲ್ಲಂದ್ರ ತೊಳಿತಾಳ. ನಮ್ಮ ಮನಿ ಮ್ಯಾಲೆ ಮನಸ್ಸಿಲ್ಲ, ಬೇಕಂತ ಹಾಳ ಮಾಡ್ತಾಳೇನೋ ಅಂತ ನನ್ನ ಜೀವ ಒಳಗಽ ಕೊರಿಯಾಕತ್ತೈತ್ರಿ. ಇದೇನು ತವರಮನಿ ರೂಢಿ ಏನ್ರಿ?"

ಓದುಗರೇ, ಆ ಹೊತ್ತಿನಲ್ಲಿ ಹೌದು ಎಂಬ ಒಂದು ಮಾತು ಸಾಕಿತ್ತು. ಆದರೆ ನನ್ನ ಕಣ್ಣೆಲ್ಲ ಟ್ರೇಯ ಮೇಲೆ, ಬುದ್ಧಿಯೆಲ್ಲ ನನ್ನ ಮಾನದ ಮೇಲೆ. ಮಗಳ ಗತಿ ಏನಾದೀತೆಂದು ಯೋಚಿಸುವ ಮೊದಲೇ ನಾಲಿಗೆ ಹೊರಳಿಬಿಟ್ಟಿತು. "ಛೇ, ನಮ್ಮ ಮನ್ಯಾಗ ಅಂಥಾ ರೂಢಿ ಇಲ್ರಿ. ಎಲ್ಲೆ ಕಲತಾಳೋ ಏನೋ."

ಮಾತು ಕಹಿಯಾಯಿತೆಂದು ಬೀಗರಿಗೆ ಅನ್ನಿಸಿರಬೇಕು. ವಿಷಯ ಮರೆಸಲೆಂದು, ಚಹಾ ಆರುತ್ತದೆ ಎನ್ನುತ್ತ ಕಪ್ಪಿಗೆ ಕೈಹಾಕಿ ಎತ್ತಿದರು. ಕಪ್ಪಿನೊಡನೆ ಟ್ರೇ ಎದ್ದಿತು. ಟ್ರೇಯೊಡನೆ ಉಳಿದ ಮೂರು ಕಪ್ಪುಗಳೂ ಎದ್ದವು. ಒಂದು ಕಪ್ಪಿನ ಕಿವಿ ಹಿಡಿದು ಇಡೀ ಸಂಸಾರವನ್ನೇ ಎತ್ತಿದವರಂತೆ ಅವರು ಕಣ್ಣರಳಿಸಿ ಕೂತರು. ಟ್ರೇ ವಾಲಿ ಚಹಾ ಜಮಖಾನೆಯ ಮೇಲೆ ಸುರಿಯಿತು, ಆದರೆ ಒಂದು ಕಪ್ಪೂ ಕೆಳಗೆ ಬೀಳಲಿಲ್ಲ. ನಮ್ಮ ಮನೆಯವರೊಬ್ಬರು ಮಾತ್ರ ತಮ್ಮ ಹೊಲಿಗೆ ಜಗ್ಗಲಿಲ್ಲವೆಂಬ ಸಮಾಧಾನದಲ್ಲಿದ್ದರು.

ಗಿರಿಜಕ್ಕ ಟ್ರೇಯನ್ನು ಹಗುರಾಗಿ ಕೆಳಗಿಳಿಸಿ, ಕಪ್ಪುಗಳನ್ನು ಒಂದೊಂದಾಗಿ ತಿರುವಿ ಕಿತ್ತು ಬದಿಗಿಟ್ಟರು. ಟ್ರೇಯನ್ನು ಮಗುಚಿದರು. ಬಿಳಚಿದ ಬೆನ್ನನ್ನು ನೋಡಿದರು, ಹೊಲಿಗೆಯ ಮೇಲೆ ಬೆರಳಾಡಿಸಿದರು, ಸಂದಿನಲ್ಲಿ ಉಳಿದಿದ್ದ ಬೂದಿಯನ್ನು ಉಗುರಿನಿಂದ ತೆಗೆದು ಮೂಸಿದರು. "ಸೋಡಾ ಹಾಕಿದ್ರೇನ್ರಿ?" ಎಂದು ಕೇಳಿದರು. ಹಾಕಿದ್ದೆ ಎಂದೆ. "ಮಾಳಗಿ ಮ್ಯಾಲೆ ಇಟ್ಟಿದ್ರಿ?" ಇಟ್ಟಿದ್ದೆ. ಈ ನೆಲವೇ ಬಾಯ್ದೆರೆದು ನನ್ನನ್ನು ನುಂಗಬಾರದೇ ಅನ್ನಿಸಿತು. ಎರೆನೆಲ, ಬಿರುಕೇನು ಕಡಿಮೆಯೇ? ಆದರೂ ಬೇಕಾದಾಗ ನುಂಗುವುದಿಲ್ಲ. ಇನ್ನು ಮಗಳ ಬಾಳುವೆಯ ಗತಿಯೇನೆಂದು ನಾನು ನಡುಗುತ್ತಿರುವಾಗ, ಗಿರಿಜಕ್ಕ ದೊಡ್ಡದೊಂದು ಉಸಿರು ಬಿಟ್ಟು, ಗೋಡೆಗೊರಗಿ, ಚೀಲದಿಂದ ಫೋನು ತೆಗೆದರು. ಅಷ್ಟು ಹಗುರಾದ ಮುಖವನ್ನು ಅವರಲ್ಲಿ ನಾನು ಅದೇ ಮೊದಲು ನೋಡಿದ್ದು.

"ಶೈಲಾ, ಅಳಬ್ಯಾಡವಾ. ನಿಂದೇನೂ ತಪ್ಪಿಲ್ಲ" ಎಂದರು ಫೋನಿನಲ್ಲಿ. "ನಾ ನಿಮ್ಮವ್ವನ್ನ ನೋಡಿದೆ. ಎಲ್ಲಾ ತಿಳೀತು."

ಆ ಕಡೆಯಿಂದ ನನ್ನ ಮಗಳು ನಕ್ಕಳು. ನಮ್ಮ ಅಂಗಳದವರೆಗೂ ಕೇಳಿಸಿರಬೇಕು. ಆ ನಗು ಯಾರ ಮೇಲೆ ಎಂದು ನಾನು ವಿಚಾರಿಸಲು ಹೋಗಲಿಲ್ಲ. ಮತ್ತೊಮ್ಮೆ ಚಹಾ ಮಾಡುವ ನೆವದಿಂದ ಎದ್ದು ಒಳಗೆ ಹೋದೆ.