ಅಕ್ಕ ತಂದ ಹೀಬ್ರೂ ಹೆಸರು

ನಮ್ಮ ಅಕ್ಕನ ಕೈಲಿ ಬ್ಲೌಸ್ ಹೊಲಿಸಬೇಕೆಂದರೆ ಅಳತೆ ಕೊಟ್ಟರೆ ಸಾಲದು, ನಿಮ್ಮ ಹೆಸರಿನ ಅರ್ಥವನ್ನೂ ಕೊಡಬೇಕು! ಹರಿಹರದಲ್ಲಿ ಇಂಥ ಟೇಲರ್ ಇನ್ನೊಬ್ಬಳಿದ್ದರೆ ತೋರಿಸಿ, ನನ್ನ ಮೀಸೆ ಬೋಳಿಸಿಕೊಳ್ಳುತ್ತೇನೆ.

"ಹೆಸರು ಗೊತ್ತಾತು, ಅರ್ಥ ಏನ್ರಿ?" ಎನ್ನುತ್ತಾಳೆ, ಟೇಪನ್ನು ಕೊರಳಿಗೆ ಹಾಕಿಕೊಂಡು. ಗೊತ್ತಿಲ್ಲ ಎಂದವರ ಬ್ಲೌಸಿಗೆ ಹುಕ್ಕು ಬೀಳುವುದಿಲ್ಲ. ಮದುವೆಯ ಹಿಂದಿನ ದಿನ ಮದುಮಗಳೊಬ್ಬಳು ಅರಿಶಿನದ ಮೈಯಲ್ಲೇ ಕನ್ನಡ ಮೇಷ್ಟ್ರ ಮನೆಗೆ ಓಡಿದ್ದನ್ನು ನಾನೇ ಕಂಡಿದ್ದೇನೆ. ಪಾಪ, ವರನ ಹೆಸರಿನ ಅರ್ಥವನ್ನೂ ಕೇಳಿಕೊಂಡು ಬರಲು ಅಕ್ಕ ಹೇಳಿದ್ದಳು!

ಒಮ್ಮೆ ಇಬ್ಬರೂ ಸ್ಕೂಟರಿನಲ್ಲಿ ದಾವಣಗೆರೆಗೆ ಹೊರಟಿದ್ದೆವು. ದಾರಿಯಲ್ಲಿ ಬಾತಿ ಎನ್ನುವ ಊರಿನ ಹತ್ತಿರ ಪೊಲೀಸಪ್ಪ ಕೈ ಅಡ್ಡ ಹಿಡಿದ. ಅಕ್ಕನ ತಲೆಯ ಮೇಲೆ ಹೆಲ್ಮೆಟ್ ಇರಲಿಲ್ಲ. ಅವಳು ಅವನ ಎದೆಯ ಮೇಲಿನ ಹೆಸರಿನ ಪಟ್ಟಿ ಓದಿದಳು.

"ಸಾಹೇಬ್ರ, ಈ ಹೆಸರಿನ ಅರ್ಥ ಏನ್ರಿ?"

"ಗೊತ್ತಿಲ್ರಿ. ನಮ್ಮಜ್ಜನ ಹೆಸರು."

"ಇಷ್ಟು ವರ್ಷ ಎದೆ ಮ್ಯಾಲೆ ಹೊತ್ಕೊಂಡು ತಿರುಗಾಡೀರಿ, ಒಂದಿನನಾದ್ರೂ ಕೇಳಬಾರದೇನ್ರಿ?"

ಅವನಿಗೆ ಏನನ್ನಿಸಿತೋ, ಅಲ್ಲೇ ನಿಂತು ತಾಯಿಗೆ ಫೋನ್ ಹಚ್ಚಿದ. ಮಾತು ಅಜ್ಜನಿಗೆ ಹೋಯಿತು, ಅಜ್ಜನ ಎತ್ತಿಗೆ ಹೋಯಿತು. ಕಾದು ಕಾದು ನಾವೇ ಹೇಳಿ ಹೊರಟೆವು. ಫೋನ್ ಹಿಡಿದುಕೊಂಡೇ ಅವನು ನಮಗೆ ಟಾಟಾ ಮಾಡಿದ!

ಹೀಗಿರುವಾಗ ಗುತ್ತೂರಿನಿಂದ ಒಬ್ಬ ನಿವೃತ್ತ ನರ್ಸಮ್ಮ ಅಂಗಡಿಗೆ ಬಂದರು. ಹೆಸರು ಹೆಫ್ಸಿಬಾ. ಅಕ್ಕನ ಕೈಯ ಕತ್ತರಿ ನಿಂತೇ ಹೋಯಿತು.

"ಇದ್ಯಾವ ಭಾಷೆ ರೀ?"

"ಹೀಬ್ರೂ ಅಂತ ಐತವ್ವ. ಬೈಬಲ್ಲಿನಾಗ ಬರೋ ಹಳೇ ಕಾಲದ ಒಬ್ಬ ರಾಣಿ ಹೆಸರಿದು. 'ನನ್ನ ಸಂತೋಷ ಎಲ್ಲಾ ಅವಳಲ್ಲೇ ಐತೆ' ಅಂತ ಅರ್ಥ. ಯಾರಿಗೂ ಬ್ಯಾಡಾಗಿ ಪಾಳು ಬಿದ್ದಿದ್ದ ಊರಿಗೂ ದೇವರು ಇದೇ ಹೆಸರು ಕೊಟ್ಟನಂತೆ."

ಆ ಬ್ಲೌಸಿಗೆ ಅಕ್ಕ ಪುಕ್ಕಟೆ ಲೈನಿಂಗ್ ಹಾಕಿದಳು. ಸಂಭ್ರಮದಲ್ಲಿ ಎರಡೂ ತೋಳನ್ನು ಒಂದೇ ಕಡೆ ಹೊಲಿದಿದ್ದಳು ಎನ್ನುವುದು ಬೇರೆ ಮಾತು!

ಅದೇ ವಾರ ವಿನೋಬನಗರದ ನಮ್ಮ ಮನೆಯಲ್ಲಿ ನನ್ನ ಮೂರನೇ ಮಗಳ ನಾಮಕರಣ. ಮೂರೂ ಹೆಣ್ಣು. ಹೆರಿಗೆಯಾದ ದಿನದಿಂದ ಅವ್ವನ ಮುಖ ಊದಿಕೊಂಡಿತ್ತು. ಮುಂದೆ ಗಂಡಾಗಬೇಕೆಂದರೆ ಈ ಕೂಸಿಗೆ 'ಮುಗಿಯಿತು' ಎನ್ನುವ ಹೆಸರೇ ಇಡಬೇಕೆಂದು ಅವಳ ಹಟ. ಫೋನಿನಲ್ಲಿ ಹುಡುಕಿಸಿ ಒಂದನ್ನು ಆರಿಸಿಯೂ ಬಿಟ್ಟಳು.

"ಸಮಾಪ್ತಿ ಅಂತ ಇಡ್ರಿ. ಮಾಡ್ರನ್ನೂ ಆತು, ಕೆಲಸಾನೂ ಆಗ್ತೈತೆ."

"ಅವ್ವಾ, ಅದು ಸಿನಿಮಾ ಮುಗಿದ ಮ್ಯಾಲೆ ಬರೋದು!" ಎಂದೆ.

"ಹೆಣ್ಣಿನ ಸಿನಿಮಾನೂ ಮುಗೀಲಿ ಬಿಡು!"

ಹೆಂಡತಿ ನನ್ನ ಮುಖ ನೋಡಿದಳು. ನಾನು ಹಲ್ಲು ಕಿರಿದೆ.

ನಮ್ಮ ಕಡೆ ಕೂಸಿನ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ, ಅಂದರೆ ಇಲ್ಲಿ ಅಕ್ಕ. ಅವಳು ಹೇಳಿದ್ದೇ ಹೆಸರು. ಹೇಳುವಾಗ ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದುವುದು ಪದ್ಧತಿ. ಅಕ್ಕ ತೊಟ್ಟಿಲಿಗೆ ಬಾಗಿದಳು. ಅವ್ವ ಕೈ ಎತ್ತಿ ಹಿಂದೆ ನಿಂತಳು.

"ಹೆಫ್ಸಿಬಾ!"

ಬೀದಿಗೇ ಕೇಳಿಸಿತು. ಧಬಧಬ ಗುದ್ದುತ್ತಿದ್ದ ಕೈಗಳು ನಿಂತವು.

"ಏನದು, ಮಾತ್ರೆ ಹೆಸರಾ?" ಎಂದರು ನಮ್ಮ ಅತ್ತೆಯವರು.

ಅಕ್ಕ ಅರ್ಥ ಹೇಳಿದಳು. ಆಮೇಲೆ ಅವ್ವನ ಕಡೆ ತಿರುಗಿದಳು. "ಹೆಣ್ಣು ಸಾಕು ಅಂತ ನನಗ ಸಾಕವ್ವ ಅಂತ ಇಟ್ಟೆಲ್ಲ. ಯಾರರ ಅರ್ಥ ಕೇಳಿಬಿಡ್ತಾರೇನೋ ಅಂತ ಹೆದ್ರಿ, ಎಲ್ಲಾರ್ನೂ ನಾನೇ ಮೊದ್ಲು ಕೇಳ್ಕಂತ ಬಂದೀನವ್ವಾ. ಈ ಕೂಸಿಗೆ ಅದು ಬ್ಯಾಡ."

ಸಾಕವ್ವನ ಬೆನ್ನಿಗೆ ಹುಟ್ಟಿದ ಗಂಡು ನಾನು. ಹೆಸರು ಫಲ ಕೊಟ್ಟಿತೆಂದು ಮನೆಯವರು ನನ್ನನ್ನು ತೋರಿಸುವಾಗಲೆಲ್ಲ ಎದೆ ಉಬ್ಬಿಸಿಕೊಂಡು ಬೆಳೆದವನು. ಅಕ್ಕನ ಮುಖ ನೋಡಲು ನಾಚಿಕೆಯಾಯಿತು. "ಅದೇ ಹೆಸರಿರ್ಲಿ" ಎಂದೆ. ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ತಲೆಯಾಡಿಸಿದ್ದಳು.

ಗುದ್ದಲು ಎತ್ತಿದ್ದ ಅವ್ವನ ಕೈ ಇನ್ನೂ ಮೇಲೆಯೇ ಇತ್ತು. ಅದು ಮೆಲ್ಲಗೆ ಇಳಿದು ಅಕ್ಕನ ಬೆನ್ನು ಸವರಿತು.

"ಇನ್ನೊಮ್ಮೆ ಹೇಳವ್ವಾ," ಎಂದಳು ಅವ್ವ, "ನನಗ ಕಲಿಬೇಕು."