ನಮ್ಮ ಮರದ ಉಸಿರನ್ನು ಕೊಂಡವರಿಗೆ

ಭೂಮಂಡಲವನ್ನು ತಂಪಾಗಿಸುವ ಸಲುವಾಗಿ ಹವಾನಿಯಂತ್ರಿತ ಕೋಣೆಯಲ್ಲಿ ಹಗಲಿರುಳು ಶ್ರಮಿಸುತ್ತಿರುವ, ಇಂಗಾಲ ವ್ಯಾಪಾರ ಕಂಪನಿಯ ಮಾನ್ಯ ವ್ಯವಸ್ಥಾಪಕರೇ,

ತಮ್ಮ ಆರೋಗ್ಯವೂ ಕಂಪನಿಯ ಲಾಭವೂ ಒಂದೇ ಸಮನೆ ಏರುತ್ತಿರಲೆಂದು ಹಾರೈಸುತ್ತಾ, ಪೇಟೆಯ ಹಿಂದಿನ ಬೀದಿಯಲ್ಲಿ ಬಟ್ಟೆ ಹೊಲಿದು ಬದುಕುವ ನಾನು ಈ ಅರಿಕೆಯನ್ನು ನಾಲ್ಕು ಜನರಿಗೆ ಕಾಣುವಂತೆ ಬರೆಯುತ್ತಿದ್ದೇನೆ. ಏಕೆಂದರೆ ಲಕೋಟೆಯೊಳಗೆ ಕಳಿಸಿದ ಪತ್ರಗಳಿಗೆ ತಮ್ಮಿಂದ ಬಂದದ್ದು ವಂದನೆಗಳು ಮಾತ್ರ.

ಹೋದ ವರ್ಷ ತಮ್ಮ ಪ್ರತಿನಿಧಿ ಅಂಗಡಿಗೆ ಬಂದು, ನಮ್ಮ ಹಿತ್ತಲಿನ ಮರವನ್ನು ಕಡಿಯುವುದಿಲ್ಲವೆಂದು ಬರೆದುಕೊಟ್ಟರೆ ಜಗತ್ತಿಗೇ ಉಪಕಾರವಾಗುತ್ತದೆ ಎಂದರು. ಕಡಿಯುವ ಯೋಚನೆ ನಮಗೆ ಕನಸಿನಲ್ಲೂ ಇರಲಿಲ್ಲವಾದ್ದರಿಂದ, ಮಾಡದ ಪಾಪವನ್ನು ಮಾಡುವುದಿಲ್ಲ ಎನ್ನಲು ಏನು ಕಷ್ಟವೆಂದು ಕಣ್ಣುಮುಚ್ಚಿ ಸಹಿ ಹಾಕಿದೆ. ಮರಕ್ಕೆ ನಂಬರಿನ ಬಿಲ್ಲೆ ಹೊಡೆದರು. ತಾವು ಕೊಟ್ಟ ಪ್ರಶಸ್ತಿಪತ್ರಕ್ಕೆ ಚೌಕಟ್ಟು ಹಾಕಿಸಿ, ಗಿರಾಕಿಗಳು ಬಟ್ಟೆ ತೊಟ್ಟು ನೋಡುವ ಕನ್ನಡಿಯ ಪಕ್ಕ ನೇತುಹಾಕಿದೆ. ನಮ್ಮ ಮರ ಹೀರುವ ಹೊಗೆಯ ಲೆಕ್ಕವನ್ನು ತಾವು ಊರಂಚಿನ ಸಿಮೆಂಟ್ ಕಾರ್ಖಾನೆಗೆ ಮಾರಿದಿರೆಂದೂ, ಅಂಥ ಮರಗಳು ಹೀರಿದಷ್ಟು ಹೊಗೆ ಬಿಡುವ ಹಕ್ಕು ಸಿಕ್ಕಿತೆಂದು ಅವರು ಎರಡನೆಯ ಚಿಮಣಿ ಎಬ್ಬಿಸಿದರೆಂದೂ ಆಮೇಲೆ ತಿಳಿಯಿತು. ಈಗ ಬೆಳಗ್ಗೆ ಹೊಲಿದ ಬಿಳಿ ಅಂಗಿ ಸಂಜೆಯೊಳಗೆ ಬೂದಿ ಬಣ್ಣಕ್ಕೆ ತಿರುಗುತ್ತದೆ; ಬಣ್ಣ ಹಾಕಿಸುವ ಖರ್ಚು ಉಳಿಸಿದ್ದಕ್ಕೆ ಧನ್ಯವಾದಗಳು.

ಏನನ್ನೂ ಮಾಡದಿರುವುದಕ್ಕೂ ಮಾರುಕಟ್ಟೆಯುಂಟೆಂದು ತೋರಿಸಿಕೊಟ್ಟ ತಮ್ಮ ಬುದ್ಧಿಗೆ ತಲೆಬಾಗುತ್ತೇನೆ. ಹೊಟ್ಟೆ ತುಂಬ ಉಂಡು ಹಾಸಿಗೆ ಬಿಟ್ಟೇಳದ ನನ್ನ ಭಾವಮೈದುನನನ್ನು ಇಷ್ಟು ದಿನ ದಂಡಪಿಂಡವೆಂದು ಜರೆದದ್ದಕ್ಕೆ ನಾಚಿಕೆಯಾಗುತ್ತಿದೆ. ಅವನು ವಿಮಾನ ಹತ್ತಿಲ್ಲ, ಕಾರು ಓಡಿಸಿಲ್ಲ, ಕಾರ್ಖಾನೆಯನ್ನಂತೂ ಇಟ್ಟೇ ಇಲ್ಲ. ಅವನ ಮಂಚಕ್ಕೂ ಒಂದು ಬಿಲ್ಲೆ ಹೊಡೆದು, ಅವನು ಬಿಡದ ಹೊಗೆಯನ್ನು ಯಾವುದಾದರೂ ವಿಮಾನ ಕಂಪನಿಗೆ ಮಾರಿಕೊಡಬೇಕೆಂದು ಪ್ರಾರ್ಥನೆ.

ಇಷ್ಟಾಗಿಯೂ ನನ್ನದೊಂದು ತಕರಾರಿದೆ. ಆ ಮರದ ದೊಡ್ಡ ಕೊಂಬೆಯೊಂದು ಒಣಗಿ, ನನ್ನ ಅಮ್ಮ ಮಲಗುವ ಕೋಣೆಯ ಶೀಟಿನ ಚಾವಣಿಯ ಮೇಲೆ ವಾಲಿದೆ. ಕಡಿಸಲು ಹೊರಟರೆ ತಮ್ಮ ಅಧಿಕಾರಿ ಫೋನು ಮಾಡಿ, “ಆ ಕೊಂಬೆನೂ ನಮ್ಮ ಲೆಕ್ಕದಲ್ಲಿದೆ ಕಣ್ರೀ, ಮುಟ್ಟಿದ್ರೆ ಕಾರ್ಖಾನೆಯವರ ನಷ್ಟ ನೀವೇ ತುಂಬ್ಕೊಡ್ಬೇಕಾಗುತ್ತೆ” ಎಂದರು. ಹೀಗಾಗಿ ಅಮ್ಮನ ಮಂಚವನ್ನು ಅಂಗಡಿಗೆ ತಂದಿದ್ದೇವೆ. ಹೊಲಿಗೆ ಯಂತ್ರಗಳ ನಡುವೆ ಮಲಗಿ ಕೆಮ್ಮುತ್ತಾಳೆ. ಗಿರಾಕಿಗಳು ಅಳತೆ ಕೊಡುವಾಗ ಗೋಡೆಯ ಕಡೆ ಮುಖ ತಿರುಗಿಸಿಕೊಳ್ಳುತ್ತಾಳೆ. ಗೇಲಿಯನ್ನು ಬದಿಗಿಟ್ಟು ಹೇಳುತ್ತೇನೆ, ಅವಳನ್ನು ಹಾಗೆ ನೋಡಲಾಗದೆ ನಾನು ಹೊಲಿಗೆ ನಿಲ್ಲಿಸಿ ಬೀದಿಗೆ ಹೋಗಿ ನಿಲ್ಲುತ್ತೇನೆ.

ಆದ್ದರಿಂದ ಬೀಳಕೂಡದೆಂದು ಆ ಕೊಂಬೆಗೆ ತಮ್ಮ ಮೊಹರು ಒತ್ತಿದ ಲಿಖಿತ ಆದೇಶವೊಂದನ್ನು ಕಳಿಸಿಕೊಡಿ. ಅದು ಉಡಾಫೆ ಮಾಡಿದರೆ ಕಾರ್ಖಾನೆಯ ಯಜಮಾನರನ್ನೇ ಕಳಿಸಿ. ಉಸಿರನ್ನು ಕೊಂಡವರು ಕೊಂಬೆಯನ್ನೂ ಎರಡು ಕೈಯಲ್ಲಿ ಎತ್ತಿ ಹಿಡಿದು ಹಿತ್ತಲಿನಲ್ಲಿ ನಿಲ್ಲಲಿ. ಬಾಯಾರಿದರೆ ನೀರು ಕೊಡುತ್ತೇವೆ. ಗಾಳಿ ಹೇಗೂ ಅವರದ್ದೇ.

ತಾನು ಮಾಡದ್ದನ್ನೆಲ್ಲ ಮಾರಲು ಸಿದ್ಧನಿರುವ,
ತಮ್ಮ ವಿಶ್ವಾಸಿ,
ಹಿಂದಿನ ಬೀದಿಯ ದರ್ಜಿ

ತಾಜಾ ಕಲಂ: ಈ ಪತ್ರವನ್ನು ಓದಿ ಹೇಳಿದಾಗ ಅಮ್ಮ ಕೆಮ್ಮುತ್ತಲೇ, “ಅಲ್ವೋ, ನನ್ನ ಉಸಿರು ನಿಂತೋದ್ರೆ ಅದನ್ನೂ ಉಳಿತಾಯ ಅಂತ ಮಾರ್ಕೋತಾರೇನೋ?” ಎಂದು ಕೇಳಿದಳು. ದಯವಿಟ್ಟು ಇದಕ್ಕೆ ಮಾತ್ರ ಉತ್ತರ ಬರೆಯಬೇಡಿ. ತಾವು ದರವನ್ನೇ ಬರೆದು ಕಳಿಸೀರೆಂದು ನನಗೆ ಭಯ.